ಬೋರ್ಡ್ ಮೇಲೆ ರಿಜೆಕ್ಷನ್ ಇಳಿಯಿತು, ಕಸ್ಟಮರ್‌ನಿಂದ ವಾಪಸ್ ಬರುವ ಪೀಸ್ ಏರಿತು. ತಪ್ಪು ಎಲ್ಲಿದೆ?

ಪೀಣ್ಯ ಕ್ಯೂಸಿ (ಸೋಮವಾರ, ರಾತ್ರಿ 9:10)
ಎಲ್ಲರಿಗೂ ನಮಸ್ಕಾರ. ಪೀಣ್ಯದ ಒಂದು ಸಣ್ಣ ಮಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುತ್ತೇನೆ. ಆರು ಸಿಎನ್‌ಸಿ ಲೇತ್, ಎರಡು ವಿಎಂಸಿ (ಕಂಪ್ಯೂಟರ್ ನಡೆಸುವ ಲೇತ್ ಮತ್ತು ಮಿಲ್ಲಿಂಗ್ ಮಷಿನ್), ಮೂರು ಶಿಫ್ಟ್ ಸೇರಿ ನಲವತ್ತು ಜನ. ಒಂದು ಶಾಫ್ಟ್ ಮಾಡುತ್ತೇವೆ. ಇಎನ್8 ಉಕ್ಕು, ಓಡಿ (ಹೊರ ವ್ಯಾಸ) 25 ಮಿ.ಮೀ., ಟಾಲರೆನ್ಸ್ (ಅಳತೆಯಲ್ಲಿ ಒಪ್ಪುವ ಏರುಪೇರು) ಎಚ್7. ಅಂದರೆ 25.000 ಇಂದ 24.979 ವರೆಗೆ ಪಾಸ್. ಆಟಕ್ಕೆ ಇರುವ ಜಾಗ 21 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ 21 ಭಾಗ) ಅಷ್ಟೇ.

ಜನವರಿಯಲ್ಲಿ ರಿಜೆಕ್ಷನ್ ಜಾಸ್ತಿ ಇತ್ತು. ನಮ್ಮ ಎಂ.ಡಿ. ಒಂದು ನಿಯಮ ತಂದರು. ಯಾರ ಮಷಿನ್‌ನಲ್ಲಿ ರಿಜೆಕ್ಟ್ ಬಂತೋ ಅವರ ಇನ್ಸೆಂಟಿವ್‌ನಲ್ಲಿ ಪೀಸ್‌ಗೆ ಇಷ್ಟು ಅಂತ ಕಡಿತ. ಗೇಟ್ ಹತ್ತಿರ ಬಿಳಿ ಬೋರ್ಡ್ ಹಾಕಿದರು. ಆಪರೇಟರ್ ಹೆಸರು, ಪಕ್ಕದಲ್ಲಿ ಕೆಂಪು ಮಾರ್ಕರ್‌ನಲ್ಲಿ ಸಂಖ್ಯೆ. ಎರಡು ತಿಂಗಳಲ್ಲಿ ಆ ಸಂಖ್ಯೆ ಅರ್ಧಕ್ಕೆ ಇಳಿಯಿತು. ಮೈಸೂರು ಪಾಕ್ ಹಂಚಿದರು, ನಾನೂ ತಿಂದೆ.

ಹೋದ ವಾರ ಕಸ್ಟಮರ್‌ನಿಂದ ಎರಡು ಲಾಟ್ ಒಟ್ಟಿಗೆ ವಾಪಸ್ ಬಂತು. ಕೆಟ್ಟ ಪೀಸ್ ಎಲ್ಲವೂ ಅಂಡರ್‌ಸೈಜ್. 24.975, 24.977, ಹೀಗೆ. ಈಗ ಎಂಟು ಹಂತದ ಕರೆಕ್ಟಿವ್ ಆಕ್ಷನ್ ಫಾರಂ ತುಂಬಬೇಕು. ಮೂಲ ಕಾರಣ ಎನ್ನುವ ಕಾಲಂನಲ್ಲಿ ರಾತ್ರಿ ಶಿಫ್ಟ್ ಹುಡುಗನ ಅಜಾಗರೂಕತೆ ಎಂದು ಬರೆದು, ತರಬೇತಿ ನೀಡಲಾಗಿದೆ ಎಂದು ಮುಗಿಸು ಎನ್ನುತ್ತಿದ್ದಾರೆ. ನನ್ನ ಮನಸ್ಸು ಒಪ್ಪುತ್ತಿಲ್ಲ. ಆ ಹುಡುಗನ ಕೈ ನನಗೆ ಗೊತ್ತು, ಒಳ್ಳೆ ಕೆಲಸಗಾರ. ಗುರುವಾರ ಫಾರಂ ಹೋಗಬೇಕು. ಏನು ಮಾಡಲಿ?

ನೆಟ್ಟು ಬೋಲ್ಟು (9:14)
ನಮ್ಮಲ್ಲೂ ಇದೇ ಕಥೆ. ಮೂರು ವರ್ಷದಿಂದ ತರಬೇತಿ ನೀಡಲಾಗಿದೆ ಎಂದೇ ಬರೆಯುತ್ತಿದ್ದೇವೆ.

ಹಳೇ ಟರ್ನರ್ (9:31)
ಮೂವತ್ತನಾಲ್ಕು ವರ್ಷ ಟೂಲ್ ರೂಮ್‌ನಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಯಾರಿಗೂ ಬೇಜಾರಾಗಬಾರದು, ಆದರೆ ಹೇಳುತ್ತೇನೆ. ಈಗಿನ ಹುಡುಗರು ಮೈಕ್ರೋಮೀಟರ್ ಹಿಡಿಯುವ ರೀತಿ ನೋಡಿದರೆ ಹೊಟ್ಟೆ ಉರಿಯುತ್ತದೆ. ರ‍್ಯಾಚೆಟ್ ಬಿಟ್ಟು ಥಿಂಬಲ್ ಹಿಡಿದು ತಿರುಗಿಸುತ್ತಾರೆ, ಒತ್ತಡ ಜಾಸ್ತಿಯಾಗಿ ಅಳತೆ ತಪ್ಪುತ್ತದೆ. ನಮ್ಮ ಮೇಸ್ತ್ರಿ ಹಾಗೆ ಮಾಡಿದವರ ಕೈ ಮೇಲೆ ಸ್ಕೇಲಿನಲ್ಲಿ ಹೊಡೆಯುತ್ತಿದ್ದರು. ಶಿಸ್ತು ಬೇಕು ಸ್ವಾಮಿ. ದಂಡ ಹಾಕಿದ್ದು ತಪ್ಪಲ್ಲ, ಜೊತೆಗೆ ಕಲಿಸದೆ ಹಾಕಿದ್ದು ತಪ್ಪು.

ಮೈಕ್ರಾನ್ ಅಕ್ಕ (9:48)
ಪೀಣ್ಯ ಅವರೇ, ಹೆಸರು ಬರೆಯುವ ಮುಂಚೆ ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಪೀಸ್ ಮಷಿನ್‌ನಿಂದ ಹೊರಬಂದ ಎಷ್ಟು ಹೊತ್ತಿಗೆ ಅಳೆಯುತ್ತಾರೆ? ಆಫ್‌ಸೆಟ್ (ಟೂಲ್ ಎಲ್ಲಿ ಕತ್ತರಿಸಬೇಕು ಅಂತ ಮಷಿನ್‌ಗೆ ಕೊಡುವ ತಿದ್ದುಪಡಿ) ಯಾವಾಗ ಬದಲಾಯಿಸುತ್ತಾರೆ? ಅದನ್ನು ಎಲ್ಲಾದರೂ ಬರೆದಿಡುತ್ತಾರಾ? ಆ ಎರಡು ಲಾಟ್ ಯಾವ ದಿನ ಹೋಗಿದ್ದು?

ಪೀಣ್ಯ ಕ್ಯೂಸಿ (10:05)
ಅಕ್ಕ, ಸೈಕಲ್ ಟೈಮ್ 70 ಸೆಕೆಂಡ್. ಪೀಸ್ ತೆಗೆದ ತಕ್ಷಣ ಅಳೆಯುತ್ತಾರೆ. ಆಫ್‌ಸೆಟ್ ಅವರಿಗೆ ಬೇಕು ಅನ್ನಿಸಿದಾಗ. ಬರೆದಿಡುವುದಿಲ್ಲ. ಲಾಟ್ ಎರಡೂ ಮಾರ್ಚ್ 31ರ ರಾತ್ರಿ ಹೋಗಿದ್ದು. ಅವತ್ತು ಫೈನಲ್ ಇನ್‌ಸ್ಪೆಕ್ಷನ್‌ನಲ್ಲಿ ಲಾಟ್‌ಗೆ ಐದೈದು ಪೀಸ್ ನೋಡಿ ಕಳಿಸಿದೆವು. ಬಿಲ್ಲು ಅದೇ ತಿಂಗಳಲ್ಲಿ ಬೀಳಬೇಕು ಅಂತ ಒತ್ತಡ ಇತ್ತು.

ಮೈಕ್ರಾನ್ ಅಕ್ಕ (10:26)
ನಿಮ್ಮ ಉತ್ತರದಲ್ಲೇ ಅರ್ಧ ಕಾರಣ ಇದೆ.

ಮೊದಲು ಬಿಸಿ. ಉಕ್ಕು ಪ್ರತಿ ಮೀಟರ್‌ಗೆ, ಪ್ರತಿ ಡಿಗ್ರಿಗೆ ಸುಮಾರು 11.5 ಮೈಕ್ರಾನ್ ಹಿಗ್ಗುತ್ತದೆ. ಚಕ್‌ನಿಂದ ತೆಗೆದ ಪೀಸ್ ನಿಮ್ಮ ಇನ್‌ಸ್ಪೆಕ್ಷನ್ ರೂಮಿಗಿಂತ 20 ಡಿಗ್ರಿ ಬಿಸಿ ಇದ್ದರೆ, 25 ಮಿ.ಮೀ. ವ್ಯಾಸಕ್ಕೆ ಸುಮಾರು 6 ಮೈಕ್ರಾನ್ ಜಾಸ್ತಿ ತೋರಿಸುತ್ತದೆ. ನಿಮಗಿರುವುದು 21. ಅದರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಬಿಸಿಗೇ ಹೋಯಿತು. ಆಪರೇಟರ್ ಕಣ್ಣಿಗೆ 24.990, ನಡುಮಧ್ಯ, ತುಂಬಾ ಚೆನ್ನಾಗಿದೆ. ತಣ್ಣಗಾದ ಮೇಲೆ ಅದೇ ಪೀಸ್ 24.984. ಕೆಳಗಿನ ಗಡಿಗೆ 5 ಮೈಕ್ರಾನ್ ಮಾತ್ರ ದೂರ.

ಎರಡನೆಯದು ಆ ಐದು ಪೀಸ್. ಲಾಟ್‌ನಲ್ಲಿ ನೂರಕ್ಕೆ 8 ಕೆಟ್ಟಿದ್ದರೂ, ಐದು ತೆಗೆದು ನೋಡಿದಾಗ ಒಂದೂ ಕೆಟ್ಟದ್ದು ಸಿಗದಿರುವ ಸಾಧ್ಯತೆ ಹೆಚ್ಚುಕಡಿಮೆ ಮೂರರಲ್ಲಿ ಎರಡು. 0.92 ಅನ್ನು ಐದು ಸಲ ಗುಣಿಸಿ ನೋಡಿ. ಅದನ್ನು ತಪಾಸಣೆ ಅಂತ ಕರೆಯಬಾರದು.

ಇದರಲ್ಲಿ ಆ ಹುಡುಗ ಮಾಡಿದ ತಪ್ಪು ಏನು? ಕೊಟ್ಟ ಪದ್ಧತಿಯಲ್ಲಿ ಕೊಟ್ಟ ಕೆಲಸ ಮಾಡಿದ್ದಾನೆ.

ಮೂರನೇ ಶಿಫ್ಟ್ (11:52)
ನಾನು ಆಪರೇಟರ್. ಬೇರೆ ಕಂಪನಿ, ಆದರೆ ಇದೇ ಕೆಲಸ. ಬ್ರೇಕ್‌ನಲ್ಲಿ ಕೂತು ಬರೆಯುತ್ತಿದ್ದೇನೆ.

ರಾತ್ರಿ ಎರಡು ಗಂಟೆಗೆ ಹೇಗಿರುತ್ತದೆ ಅಂತ ಹೇಳುತ್ತೇನೆ. ಬಾಗಿಲು ತೆರೆದರೆ ಕೂಲೆಂಟ್ ಹೊಗೆ ಮುಖಕ್ಕೆ ಬರುತ್ತದೆ. ಪೀಸ್ ತೆಗೆದು ಬನಿಯನ್ ವೇಸ್ಟ್‌ನಲ್ಲಿ ಒರೆಸುತ್ತೇನೆ. ಕೈಗೆ ಬಿಸಿ ತಾಗುತ್ತದೆ. ಮೈಕ್ರೋಮೀಟರ್ ಹಾಕಿದರೆ 25.002. ಓವರ್‌ಸೈಜ್. ಬೋರ್ಡ್ ಮೇಲೆ ನನ್ನ ಹೆಸರು ಕಣ್ಣ ಮುಂದೆ ಬರುತ್ತದೆ. ಆಫ್‌ಸೆಟ್ 8 ಮೈಕ್ರಾನ್ ಕೆಳಗೆ ಒತ್ತುತ್ತೇನೆ. ಮುಂದಿನದು 24.991. ಅದರ ಮುಂದಿನದು 24.986. ಹೆದರಿ 4 ಮೇಲೆ ಒತ್ತುತ್ತೇನೆ. ಹೀಗೇ ಬೆಳಗಿನವರೆಗೆ. ಆಫ್‌ಸೆಟ್ ಮುಟ್ಟದೆ ಬಿಟ್ಟು ಪೀಸ್ ಕೆಟ್ಟರೆ ನೋಡಿಯೂ ಸುಮ್ನೆ ಇದ್ದೆಯಾ ಅಂತ ಕೇಳುತ್ತಾರೆ. ಮುಟ್ಟಿ ಕೆಟ್ಟರೆ ಪ್ರಯತ್ನವಾದರೂ ಪಟ್ಟೆ ಅಂತ ಆಗುತ್ತದೆ.

ಇನ್ನೊಂದು ಮಾತು. ಕಡಿತ ಶುರುವಾದ ಮೇಲೆ ರಿಜೆಕ್ಟ್ ಪೀಸ್ ಎಲ್ಲಿಗೆ ಹೋಗುತ್ತದೆ ಅಂತ ಯಾರೂ ಕೇಳಲ್ಲ. ಕತ್ತರಿಸಿದ ಲೋಹದ ಚೂರು ತುಂಬುವ ಚಿಪ್ಸ್ ಟ್ರಾಲಿಯ ಅಡಿಗೆ ಹೋಗುತ್ತದೆ. 24.978 ಬಂದ ಪೀಸನ್ನು ಮತ್ತೆ ಮತ್ತೆ ಅಳೆದರೆ ಒಂದು ಸಲ 24.979 ತೋರಿಸಿಯೇ ತೋರಿಸುತ್ತದೆ. ಅದು ಓಕೆ ಬಿನ್‌ಗೆ ಹೋಗುತ್ತದೆ. ಇದನ್ನು ಹೇಳಲು ನನಗೆ ಸಂತೋಷವಿಲ್ಲ. ಮನೆಯಲ್ಲಿ ಎರಡು ಮಕ್ಕಳು ಓದುತ್ತಿದ್ದಾರೆ.

ಪೀಣ್ಯ ಕ್ಯೂಸಿ (ಮಂಗಳವಾರ, ಬೆಳಿಗ್ಗೆ 6:40)
ಅಣ್ಣ, ನೀವು ಬರೆದದ್ದನ್ನು ಮೂರು ಸಲ ಓದಿದೆ. ಇವತ್ತು ಮೊದಲು ಟ್ರಾಲಿ ನೋಡುತ್ತೇನೆ.

ತುಮಕೂರು ಮೇಷ್ಟ್ರು (7:15)
ಪಾಲಿಟೆಕ್ನಿಕ್‌ನಲ್ಲಿ ಪಾಠ ಮಾಡುತ್ತೇನೆ. ಆ ಬಿಳಿ ಬೋರ್ಡ್ ಬಗ್ಗೆ ಒಂದು ಹಳೆಯ ಪ್ರಯೋಗ ಹೇಳಬೇಕು. ಅಮೆರಿಕದ ಕ್ವಾಲಿಟಿ ತಜ್ಞ ಎಡ್ವರ್ಡ್ಸ್ ಡೆಮಿಂಗ್ ಇದನ್ನು ತಮ್ಮ ತರಗತಿಗಳಲ್ಲಿ ವರ್ಷಗಟ್ಟಲೆ ಮಾಡಿ ತೋರಿಸಿದರು. ಒಂದು ಪೆಟ್ಟಿಗೆಯಲ್ಲಿ 4000 ಮಣಿ. 3200 ಬಿಳಿ, 800 ಕೆಂಪು. ಐವತ್ತು ಗುಂಡಿ ಇರುವ ಒಂದು ಹಲಗೆ. ಕೆಲಸಗಾರ ಅದನ್ನು ಮಣಿಯೊಳಗೆ ಅದ್ದಿ ತೆಗೆಯಬೇಕು. ಕೆಂಪು ಬಂದರೆ ದೋಷ.

ಯಾರು ಅದ್ದಿದರೂ ಸರಾಸರಿ ಹತ್ತು ಕೆಂಪು ಬರುತ್ತದೆ. ಒಮ್ಮೆ 5, ಒಮ್ಮೆ 15. ಲೆಕ್ಕ ಹಾಕಿದರೆ ಸುಮಾರು 2ರಿಂದ 18ರವರೆಗೆ ಬರುವುದೆಲ್ಲ ಸಹಜವೇ. ಡೆಮಿಂಗ್ ಮೇಲ್ವಿಚಾರಕರ ಪಾತ್ರದಲ್ಲಿ ನಿಂತು 5 ಬಂದವರನ್ನು ಹೊಗಳುವರು, 15 ಬಂದವರನ್ನು ಬೈಯುವರು. ಮುಂದಿನ ಸುತ್ತಿನಲ್ಲಿ ಹೊಗಳಿಸಿಕೊಂಡವರಿಗೆ ಜಾಸ್ತಿ ಬರುತ್ತದೆ, ಬೈಸಿಕೊಂಡವರಿಗೆ ಕಡಿಮೆ. ನೋಡಿ, ಬೈದಿದ್ದಕ್ಕೆ ಸರಿಹೋಯಿತು ಅಂತ ಅನ್ನಿಸುತ್ತದೆ. ಪೆಟ್ಟಿಗೆಯಲ್ಲಿರುವ ಕೆಂಪು ಮಣಿಯ ಸಂಖ್ಯೆ ಮಾತ್ರ ಅಷ್ಟೇ ಇರುತ್ತದೆ.

ನಾನು ಇದನ್ನು ಪ್ರತಿ ವರ್ಷ ಮಕ್ಕಳಿಗೆ ಮಾಡಿಸುತ್ತೇನೆ. ಮಣಿ ಸಿಗದಿದ್ದರೆ ಕಡಲೆಬೀಜ ಮತ್ತು ಬಟಾಣಿ. ಬೈಸಿಕೊಂಡ ಹುಡುಗನ ಮುಖ ಕೆಂಪಗಾಗುತ್ತದೆ. ಅದು ಆಟ ಅಂತ ಗೊತ್ತಿದ್ದೂ ಮನಸ್ಸಿಗೆ ನೋವಾಗುತ್ತದೆ. ಗೇಟಿನ ಹತ್ತಿರ ದಿನಾ ಹೆಸರು ಬರೆಸಿಕೊಳ್ಳುವವರಿಗೆ ಹೇಗಾಗಬೇಡ?

ಹಳೇ ಟರ್ನರ್ (7:40)
ಮೇಷ್ಟ್ರೇ, ಮಣಿ ಅದ್ದುವುದಕ್ಕೂ ಲೇತ್ ನಡೆಸುವುದಕ್ಕೂ ಹೋಲಿಕೆ ಸರಿಯಿಲ್ಲ. ಮಣಿಯಲ್ಲಿ ಕೈಚಳಕವೇ ಇಲ್ಲ. ಲೇತ್‌ನಲ್ಲಿ ಇದೆ. ಒಂದೇ ಮಷಿನ್‌ನಲ್ಲಿ ಇಬ್ಬರು ಟರ್ನರ್ ಕೂರಿಸಿ, ವ್ಯತ್ಯಾಸ ಕಾಣುತ್ತದೆ.

ತುಮಕೂರು ಮೇಷ್ಟ್ರು (7:52)
ಒಪ್ಪಿದೆ ಸಾರ್. ಅದಕ್ಕೇ ಮೊದಲು ಎಲ್ಲರ ಅಂಕಿಯನ್ನೂ, ಸಹಜ ಏರಿಳಿತದ ಗಡಿಯನ್ನೂ ಗೆರೆ ಎಳೆದು ತೋರಿಸುವ ಚಾರ್ಟ್ ಹಾಕಬೇಕು. ಒಬ್ಬನ ಅಂಕಿ ಗಡಿ ದಾಟಿ ಬೇರೆಯಾಗಿ ನಿಂತರೆ ಅವನ ಹತ್ತಿರ ಹೋಗಿ ಕೇಳೋಣ. ಎಲ್ಲರೂ ಗಡಿಯೊಳಗೆ ಏರಿಳಿಯುತ್ತಿದ್ದರೆ ಪೆಟ್ಟಿಗೆಯನ್ನೇ ನೋಡಬೇಕು. ಈ ಎರಡನ್ನೂ ಬೇರೆ ಮಾಡಿ ತೋರಿಸಲು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ವಾಲ್ಟರ್ ಶೂಹಾರ್ಟ್ 1924ರ ಮೇ 16ರಂದು ಒಂದೇ ಪುಟದ ಟಿಪ್ಪಣಿ ಬರೆದರು. ಕಂಟ್ರೋಲ್ ಚಾರ್ಟ್ ಹುಟ್ಟಿದ್ದು ಅಲ್ಲಿ. ಬೋರ್ಡಿಗೆ ಖರ್ಚು ಮಾಡಿದ ಮಾರ್ಕರ್‌ನಲ್ಲೇ ಅದನ್ನು ಬರೆಯಬಹುದು.

ನೆಟ್ಟು ಬೋಲ್ಟು (8:20)
ನೂರಕ್ಕೆ 94 ತೊಂದರೆ ವ್ಯವಸ್ಥೆಯದು, 6 ಮಾತ್ರ ವಿಶೇಷ ಕಾರಣದ್ದು (ಒಬ್ಬರದೋ ಒಂದು ಘಟನೆಯದೋ) ಅಂತ ಡೆಮಿಂಗ್ ಹೇಳಿದ್ದಾರಲ್ಲ?

ಮೈಕ್ರಾನ್ ಅಕ್ಕ (8:33)
ಹೇಳಿದ್ದಾರೆ. ಆದರೆ ಅದು ಅವರ ಅನುಭವದ ಅಂದಾಜು. ಎಲ್ಲ ಕಾರ್ಖಾನೆಗೂ ಅಳೆದು ತೆಗೆದ ಅಂಕಿ ಅಲ್ಲ. ಎಂ.ಡಿ. ಮುಂದೆ ಅದನ್ನು ಇಟ್ಟರೆ ನಮ್ಮ ಶಾಪ್‌ನದು ಎಷ್ಟು ಅಂತ ಕೇಳುತ್ತಾರೆ. ಅಲ್ಲಿ ಮಾತು ನಿಲ್ಲುತ್ತದೆ. ನಿಮ್ಮ ಶಾಪ್‌ನ 60 ಪೀಸ್ ಡೇಟಾ ಇಟ್ಟರೆ ಅವರು ಕೂತು ನೋಡುತ್ತಾರೆ.

ಬಿಡದಿ ಲೈನ್ (9:05)
ಕೆಲಸಗಾರರೇ ಸರಿ ಇಲ್ಲ ಅನ್ನುವವರಿಗೆ ಒಂದು ನಿಜವಾದ ಉದಾಹರಣೆ. ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್‌ನ ಒಂದು ಕಾರ್ಖಾನೆ ಇತ್ತು. ಗೈರುಹಾಜರಿ, ಜಗಳ, ಕೆಟ್ಟ ಕ್ವಾಲಿಟಿ. 1982ರಲ್ಲಿ ಮುಚ್ಚಿದರು. 1984ರಲ್ಲಿ ಟೊಯೋಟಾ ಜೊತೆ ಸೇರಿ ನುಮ್ಮಿ ಅನ್ನುವ ಹೆಸರಿನಲ್ಲಿ ಮತ್ತೆ ತೆರೆದರು. ಸೇರಿಸಿಕೊಂಡವರಲ್ಲಿ ಬಹುಪಾಲು ಅದೇ ಹಳೆಯ ಕೆಲಸಗಾರರು, ಅದೇ ಯೂನಿಯನ್. ಸ್ವಲ್ಪ ಕಾಲದಲ್ಲೇ ಕ್ವಾಲಿಟಿ ಜನರಲ್ ಮೋಟಾರ್ಸ್‌ನ ಬೇರೆ ಕಾರ್ಖಾನೆಗಳಿಗಿಂತ ಮೇಲೆ ಹೋಯಿತು. ತೊಂದರೆ ಕಂಡವರು ಹಗ್ಗ ಎಳೆದು ಲೈನ್ ನಿಲ್ಲಿಸಬಹುದಿತ್ತು. ಮೊದಲು ಲೈನ್ ನಿಲ್ಲಿಸಿದರೆ ಕೆಲಸವೇ ಹೋಗುವ ಭಯ ಇತ್ತು.

ನಾನು ಲೈನ್‌ನಲ್ಲಿ ಹಗ್ಗ ಎಳೆದಿದ್ದೇನೆ. ದೀಪ ಹತ್ತುತ್ತದೆ, ಟೀಮ್ ಲೀಡರ್ ಓಡಿ ಬರುತ್ತಾರೆ. ಅವರು ಮೊದಲು ಕೇಳುವುದು ಏನಾಯಿತು ಅಂತ. ಯಾರು ಮಾಡಿದ್ದು ಅಂತ ಅಲ್ಲ. ಹೊಸದಾಗಿ ಸೇರಿದಾಗ ನನಗೆ ಅದನ್ನು ನಂಬಲು ಆರು ತಿಂಗಳು ಬೇಕಾಯಿತು.

ಸಣ್ಣ ಮಾಲೀಕ (9:30)
ನುಮ್ಮಿಯೂ 2010ರಲ್ಲಿ ಮುಚ್ಚಿತು ಸ್ವಾಮಿ. ಈಗ ಅಲ್ಲಿ ಟೆಸ್ಲಾ ಇದೆ. ಮತ್ತೆ ಜನರಲ್ ಮೋಟಾರ್ಸ್ ಅದನ್ನು ಕಣ್ಣಾರೆ ನೋಡಿಯೂ ತನ್ನ ಬೇರೆ ಕಾರ್ಖಾನೆಗಳಿಗೆ ತರಲು ವರ್ಷಗಟ್ಟಲೆ ಒದ್ದಾಡಿತು. ಅಷ್ಟು ದೊಡ್ಡವರಿಗೇ ಕಷ್ಟ ಆಗಿದ್ದು ನಮ್ಮಂಥವರಿಗೆ?

ಬಿಡದಿ ಲೈನ್ (9:41)
ಮುಚ್ಚಿದ್ದು ಜನರಲ್ ಮೋಟಾರ್ಸ್ ದಿವಾಳಿಯಾಗಿ ಕೈಬಿಟ್ಟ ಮೇಲೆ, ಕ್ವಾಲಿಟಿ ಕೆಟ್ಟು ಅಲ್ಲ. ಎರಡನೇ ಮಾತು ಮಾತ್ರ ಒಪ್ಪುತ್ತೇನೆ. ಹಗ್ಗ ಕಟ್ಟುವುದು ಸುಲಭ, ಎಳೆದ ಮೇಲೆ ಬರುವವರನ್ನು ತಯಾರು ಮಾಡುವುದು ಕಷ್ಟ.

ದೊಡ್ಡಬಳ್ಳಾಪುರ ಮಗ್ಗ (10:10)
ಹಗ್ಗದ ಮಾತು ಬಂತು, ನಾನೂ ಒಂದು ಹೇಳುತ್ತೇನೆ. ಟೊಯೋಟಾ ಮನೆತನ ಶುರುವಾಗಿದ್ದೇ ಮಗ್ಗದಿಂದ. ಸಕಿಚಿ ಟೊಯೋಡಾ 1924ರಲ್ಲಿ ಮಾಡಿದ ಮಗ್ಗ ನೂಲು ಕಡಿದರೆ ತಾನೇ ನಿಲ್ಲುತ್ತಿತ್ತು.

ನಮ್ಮ ಮನೆಯ ಪವರ್‌ಲೂಮ್‌ನಲ್ಲೂ ಹಾಸಿನ ಪ್ರತಿ ಎಳೆಗೆ ಒಂದು ತೆಳು ಪಿನ್ ಇರುತ್ತದೆ. ಎಳೆ ಕಡಿದರೆ ಪಿನ್ ಬಿದ್ದು ಮಗ್ಗ ನಿಲ್ಲಬೇಕು. ಕೂಲಿ ಮೀಟರ್ ಲೆಕ್ಕ. ಮಗ್ಗ ನಿಂತರೆ ಮೀಟರ್ ಹೋಯಿತು. ಅದಕ್ಕೆ ನಮ್ಮ ಕೆಲಸದವರು ಆ ಪಿನ್ ವ್ಯವಸ್ಥೆಗೇ ತಂತಿ ಸುತ್ತಿಬಿಟ್ಟಿದ್ದರು. ಸೀರೆಯ ಉದ್ದಕ್ಕೂ ಎಳೆ ಬಿಟ್ಟ ಗೆರೆ ಬಂತು. ಅಪ್ಪ ಬೈದು ಬೈದು ಸಾಕಾಗಿ, ಕೊನೆಗೆ ನಿಂತ ಹೊತ್ತಿಗೂ ಇಷ್ಟು ಅಂತ ಕೂಲಿ ಸೇರಿಸಿದರು. ತಂತಿಯನ್ನು ಅವರೇ ಬಿಚ್ಚಿದರು.

ಮೂರನೇ ಶಿಫ್ಟ್ (10:15)
ಇದು ನಮ್ಮದೇ ಕಥೆ.

ಉದ್ಯಮಬಾಗ (11:00)
ಬೆಳಗಾವಿಯಿಂದ. ಫೌಂಡ್ರಿ ನಮ್ಮದು, ಮರಳಿನ ಅಚ್ಚಿನಲ್ಲಿ ಲೋಹ ಎರಕ ಹೊಯ್ಯುತ್ತೇವೆ. ಖರೆ ಹೇಳಬೇಕೆಂದರೆ ನಮ್ಮ ತೊಂದರೆ ಶಾಪ್ ಫ್ಲೋರ್‌ನಲ್ಲಿ ಇರಲೇ ಇಲ್ಲ.

ಒಂದು ಮಳೆಗಾಲ ಬ್ಲೋಹೋಲ್ (ಎರಕದೊಳಗಿನ ಗುಳ್ಳೆ ತೂತು) ರಿಜೆಕ್ಷನ್ ಏಕಾಏಕಿ ಏರಿತು. ಮೋಲ್ಡಿಂಗ್‌ನವರು ಮೆಲ್ಟಿಂಗ್ ಅಂದರು, ಮೆಲ್ಟಿಂಗ್‌ನವರು ಸ್ಯಾಂಡ್ ಅಂದರು. ಎಲ್ಲರೂ ಎಲ್ಲರ ಮೇಲೆ. ಒಂದು ತಿಂಗಳು ಹೀಗೇ ಹೋಯಿತು. ಕೊನೆಗೆ ಎಲ್ಲರನ್ನೂ ಒಂದೇ ಟೇಬಲ್‌ಗೆ ಕೂರಿಸಿ, ಮರಳು ಲಾರಿಯಿಂದ ಇಳಿದಲ್ಲಿಂದ ಹಿಡಿದು ಕಾಸ್ಟಿಂಗ್ ಉಜ್ಜಿ ಶುಚಿ ಮಾಡುವ ಫೆಟ್ಲಿಂಗ್‌ಗೆ ಹೋಗುವವರೆಗೆ ಒಂದು ದೊಡ್ಡ ಹಾಳೆಯಲ್ಲಿ ಬರೆದೆವು. ಆಗ ಸಿಕ್ಕಿದ್ದು ಇದು. ಪರ್ಚೇಸ್‌ನವರು ವರ್ಷದ ಗುರಿ ಮುಟ್ಟಲು ಅಗ್ಗದ ಬೆಂಟೊನೈಟ್ (ಮರಳನ್ನು ಹಿಡಿದಿಡುವ ಜೇಡಿಮಣ್ಣು) ತಂದಿದ್ದರು. ಅದಕ್ಕೆ ಬಲ ಬರಲು ಮೋಲ್ಡರ್ ನೀರು ಜಾಸ್ತಿ ಹಾಕುತ್ತಿದ್ದ. ಮಳೆಗೆ ಮರಳೂ ತೇವ. ಕಾದ ಲೋಹ ತಾಗಿದಾಗ ಆವಿ ಹೋಗಲು ದಾರಿ ಇಲ್ಲ. ಪರ್ಚೇಸ್‌ನವರಿಗೆ ಆ ವರ್ಷ ಉಳಿತಾಯಕ್ಕೆ ಶಭಾಶ್, ಮೋಲ್ಡರ್‌ಗೆ ಮೆಮೊ.

ಪರ್ಚೇಸ್‌ನವರನ್ನೂ ನಾನು ಬೈಯಲಾರೆ. ಕಿಲೋಗೆ ಎಷ್ಟು ಉಳಿಸಿದೆ ಅಂತಷ್ಟೇ ಅವರನ್ನು ಕೇಳುತ್ತಿದ್ದೆವು. ಅದನ್ನೇ ಕೊಟ್ಟರು. ಈಗ ಬೆಂಟೊನೈಟ್ ಬೆಲೆ ಮತ್ತು ಕಾಸ್ಟಿಂಗ್ ರಿಜೆಕ್ಷನ್ ಎರಡೂ ಒಂದೇ ಹಾಳೆಯಲ್ಲಿ, ಎರಡೂ ಇಲಾಖೆಯ ಸಹಿ.

ಗೋಕುಲ ರೋಡ್ (11:25)
ಹುಬ್ಬಳ್ಳಿಯಲ್ಲಿ ವಾಲ್ವ್ ಮಾಡುತ್ತೇವೆ. ಆ ಬ್ಲೋಹೋಲ್ ನಮ್ಮ ಹತ್ತಿರ ಬಂದು ನೀರಿನ ಒತ್ತಡದ ಹೈಡ್ರೋ ಟೆಸ್ಟ್‌ನಲ್ಲಿ ಲೀಕ್ ಆಗುತ್ತದೆ ಉದ್ಯಮಬಾಗ ಅವರೇ. ಮಷಿನಿಂಗ್ ಎಲ್ಲ ಮುಗಿಸಿದ ಮೇಲೆ. ನೀವು ಕಿಲೋಗೆ ಉಳಿಸಿದ್ದು ನಾವು ಗಂಟೆಗಟ್ಟಲೆ ಕಳೆದದ್ದು.

ಉದ್ಯಮಬಾಗ (11:31)
ಹೌದು, ಹೌದು. ಅದಕ್ಕೇ ಹಾಳೆಯನ್ನು ನಮ್ಮ ಗೇಟಿನಲ್ಲಿ ನಿಲ್ಲಿಸಬಾರದು, ಕಸ್ಟಮರ್‌ವರೆಗೆ ಬರೆಯಬೇಕು ಅಂತ ಆಮೇಲೆ ತಿಳಿಯಿತು.

ಸಣ್ಣ ಮಾಲೀಕ (ಮಧ್ಯಾಹ್ನ 1:20)
ಎಲ್ಲರೂ ಎಂ.ಡಿ.ಯನ್ನು ಬೈಯುತ್ತಿದ್ದೀರಿ. ನಾನೂ ಹನ್ನೆರಡು ಜನರ ಒಂದು ಶೆಡ್ ನಡೆಸುತ್ತೇನೆ, ನಮ್ಮ ಕಡೆಯಿಂದಲೂ ನೋಡಿ.

ದೊಡ್ಡ ಕಂಪನಿ ತಿಂಗಳ ಮೊದಲ ಮೂರು ವಾರ ಆರ್ಡರ್ ಎಳೆಯುವುದಿಲ್ಲ. ಕೊನೆಯ ವಾರ ಎಲ್ಲ ಬೇಕು. ಅವರಿಗೆ ಮಾರಾಟ 10 ಏರಿದರೆ ಅವರು ನಮಗೆ 20 ಕೇಳುತ್ತಾರೆ, ನಾವು ಬಾರ್ ಸಪ್ಲೈ ಮಾಡುವವನಿಗೆ 40 ಕೇಳುತ್ತೇವೆ. ಆಮೇಲೆ ಒಂದು ತಿಂಗಳು ಸಪ್ಪಗೆ. ದುಡ್ಡು 45 ದಿನದೊಳಗೆ ಕೊಡಬೇಕು ಅಂತ ಸಣ್ಣ ಉದ್ಯಮಗಳ 2006ರ ಎಂಎಸ್‌ಎಂಇ ಕಾಯ್ದೆ ಹೇಳುತ್ತದೆ. ಕೇಳಲು ಹೋದರೆ ಮುಂದಿನ ಆರ್ಡರ್ ಇರಲ್ಲ. ಬ್ಯಾಂಕಿನ ಕಂತು ಮಾತ್ರ ಐದನೇ ತಾರೀಕು ತಪ್ಪದೆ. ಆ 31ರ ರಾತ್ರಿ ಪೀಣ್ಯದವರ ಎಂ.ಡಿ. ತಲೆಯಲ್ಲಿ ಏನಿತ್ತು ಅಂತ ನನಗೆ ಗೊತ್ತು. ಸಂಬಳ ಇತ್ತು.

ಕಡಿತ ಹಾಕಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಆ ತಪ್ಪೂ ಒಂದು ವ್ಯವಸ್ಥೆಯಿಂದ ಬಂದದ್ದೇ ಅಲ್ವಾ? ಆಪರೇಟರ್‌ಗೆ ಕೊಡುವ ನ್ಯಾಯ ನಮಗೂ ಕೊಡಿ.

ಮೈಕ್ರಾನ್ ಅಕ್ಕ (1:42)
ಇದು ಸರಿಯಾದ ಮಾತು. ನಾನು ಬರೆದದ್ದರಲ್ಲಿ ಈ ಭಾಗ ಇರಲಿಲ್ಲ.

ತುಮಕೂರು ಮೇಷ್ಟ್ರು (1:55)
ನೀವು ಹೇಳಿದ 10, 20, 40ರ ಏರಿಳಿತವನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಒಂದು ಆಟವಾಗಿ ಆಡಿಸುತ್ತಾರೆ. ಅಂಗಡಿ, ಸಗಟು, ವಿತರಕ, ಕಾರ್ಖಾನೆ ಅಂತ ನಾಲ್ವರು. ಯಾರೂ ಇನ್ನೊಬ್ಬರ ಸ್ಟಾಕ್ ನೋಡುವಂತಿಲ್ಲ. ಬೇಡಿಕೆ ಒಂದೇ ಸಲ ಸ್ವಲ್ಪ ಏರಿ ಹಾಗೇ ನಿಂತರೂ, ಕಾರ್ಖಾನೆಯ ಕಡೆ ಆರ್ಡರ್ ಅಲೆಯ ಹಾಗೆ ಏಳುತ್ತದೆ. ಆಡಿದವರೆಲ್ಲ ಪಕ್ಕದವರನ್ನೇ ದೂರುತ್ತಾರೆ. ತಡವಾಗಿ ಬರುವ ಸುದ್ದಿ, ತಡವಾಗಿ ಬರುವ ಸಾಮಾನು, ಇವೇ ಕಾರಣ.

ನೆಟ್ಟು ಬೋಲ್ಟು (2:10)
ಸ್ವಲ್ಪ ಬೇರೆ ವಿಷಯ. ದಂಡಕ್ಕೆ ಕಾನೂನಿನ ಮಿತಿಯೂ ಇದೆ. 1936ರ ವೇತನ ಪಾವತಿ ಕಾಯ್ದೆಯಲ್ಲಿ ದಂಡ ಆ ಅವಧಿಯ ಸಂಬಳದ ಶೇ. 3 ದಾಟುವಂತಿಲ್ಲ ಎಂದಿತ್ತು. ಅದರ ಜಾಗಕ್ಕೆ ಬಂದ 2019ರ ವೇತನ ಸಂಹಿತೆಯಲ್ಲೂ ಅದೇ ಮಿತಿ. ದಂಡ ಹಾಕುವ ಮುಂಚೆ ಅವರ ಮಾತು ಕೇಳಬೇಕು. ಅದಕ್ಕೇ ಎಲ್ಲರೂ ಇನ್ಸೆಂಟಿವ್ ಕಡಿತ ಅಂತ ಹೆಸರು ಬದಲಾಯಿಸುತ್ತಾರೆ.

ಹಳೇ ಟರ್ನರ್ (2:30)
ಅದಿರಲಿ, ಜಾಲಹಳ್ಳಿ ಕ್ರಾಸ್ ಹತ್ತಿರ ಊಟಕ್ಕೆ ಹೋಗುವವರು ಯಾರಾದರೂ ಇದ್ದೀರಾ? ಎಚ್‌ಎಂಟಿ ಕಡೆ ಹೋದಾಗೆಲ್ಲ ಮನಸ್ಸು ಭಾರ ಆಗುತ್ತದೆ. 1953ರಲ್ಲಿ ಶುರುವಾದ ಸಂಸ್ಥೆ. ನಮ್ಮ ತಲೆಮಾರಿನ ಎಷ್ಟೋ ಜನ ಅಪ್ರೆಂಟಿಸ್ ಆಗಿ ಅಲ್ಲಿ ಫೈಲ್ ಹಿಡಿಯಲು ಕಲಿತರು. ಒಂದು ತುಂಡನ್ನು ಚಪ್ಪಟೆ ಮಾಡು ಅಂತ ವಾರಗಟ್ಟಲೆ ಕೂರಿಸುತ್ತಿದ್ದರು.

ಮೈಕ್ರಾನ್ ಅಕ್ಕ (2:41)
ಸಾರ್, ನೀವು ಈಗ ಹೇಳಿದ್ದೂ ವ್ಯವಸ್ಥೆಯೇ. ವಾರಗಟ್ಟಲೆ ಸಮಯ ಕೊಟ್ಟು, ಮೇಸ್ತ್ರಿಯನ್ನು ಪಕ್ಕದಲ್ಲಿ ನಿಲ್ಲಿಸಿ ಕಲಿಸುತ್ತಿದ್ದರು. ಈಗಿನ ಹುಡುಗನಿಗೆ ಎರಡು ದಿನ ತೋರಿಸಿ ಮಷಿನ್ ಕೊಡುತ್ತಾರೆ. ಶಿಸ್ತು ಆಕಾಶದಿಂದ ಇಳಿಯುವುದಿಲ್ಲ.

ಹಳೇ ಟರ್ನರ್ (3:05)
ಅದು ನಿಜ ತಾಯಿ. ಅದನ್ನು ನಾನು ಹಾಗೆ ಯೋಚಿಸಿರಲಿಲ್ಲ.

ಪೀಣ್ಯ ಕ್ಯೂಸಿ (ರಾತ್ರಿ 10:30)
ಇವತ್ತು ಆಗಿದ್ದು ಹೇಳುತ್ತೇನೆ. ಚಿಪ್ಸ್ ಟ್ರಾಲಿ ಮೂರು ಎಳೆಸಿದೆ. 41 ಶಾಫ್ಟ್ ಸಿಕ್ಕಿತು, ಮೂರೂ ಶಿಫ್ಟ್‌ನದು. ನಮ್ಮ ಒಳ್ಳೆಯ ಆಪರೇಟರ್ ಅಂತ ಬೋರ್ಡ್ ಮೇಲೆ ಸ್ಟಾರ್ ಹಾಕಿದವರ ಮಷಿನ್ ಹಿಂದೆಯೂ ಇತ್ತು. ಯಾರಿಗೂ ಏನೂ ಅನ್ನಲಿಲ್ಲ. ಎಲ್ಲರೂ ಬಂದು ಸುಮ್ಮನೆ ನಿಂತರು.

ಆಮೇಲೆ ಎರಡನೇ ಶಿಫ್ಟ್‌ನಲ್ಲಿ ಒಂದೇ ಮಷಿನ್‌ನಲ್ಲಿ 60 ಪೀಸ್ ಎಂದಿನ ಹಾಗೆ, ಬೇಕಾದಾಗ ಆಫ್‌ಸೆಟ್ ಒತ್ತುತ್ತಾ. ಇನ್ಸರ್ಟ್ (ಕತ್ತರಿಸುವ ತುದಿ) ಬದಲಿಸಿ ಇನ್ನೊಂದು 60, ಆಫ್‌ಸೆಟ್ ಮುಟ್ಟದೆ. ಎಲ್ಲ ಪೀಸ್‌ಗೂ ನಂಬರ್ ಹಾಕಿ, ತಣ್ಣಗಾದ ಮೇಲೆ ನಾನೇ ಅಳೆದೆ. ಒತ್ತಿದ 60ರಲ್ಲಿ ಅತಿ ದೊಡ್ಡದಕ್ಕೂ ಅತಿ ಚಿಕ್ಕದಕ್ಕೂ 13 ಮೈಕ್ರಾನ್ ವ್ಯತ್ಯಾಸ. ಮುಟ್ಟದ 60ರಲ್ಲಿ 9. ಮಷಿನ್ ತಾನಾಗಿ ಚೆನ್ನಾಗಿ ಓಡುತ್ತಿತ್ತು, ನಾವೇ ಕೆಡಿಸುತ್ತಿದ್ದೆವು.

ತುಮಕೂರು ಮೇಷ್ಟ್ರು (10:48)
ಗಣಿತವೂ ಅದನ್ನೇ ಹೇಳುತ್ತದೆ. ಸ್ಥಿರವಾಗಿ ಓಡುವ ಮಷಿನ್‌ನಲ್ಲಿ ಪ್ರತಿ ಪೀಸ್‌ನ ತಪ್ಪನ್ನು ಮುಂದಿನ ಪೀಸ್‌ಗೆ ಅಷ್ಟೇ ತಿದ್ದುತ್ತಾ ಹೋದರೆ ವೇರಿಯನ್ಸ್ (ಹರಡುವಿಕೆಯ ವರ್ಗ) ಎರಡರಷ್ಟಾಗುತ್ತದೆ. ಹರಡುವಿಕೆ ಅದರ ವರ್ಗಮೂಲ, 1.4 ಪಟ್ಟು. 9ಕ್ಕೆ 1.4 ಗುಣಿಸಿ ನೋಡಿ, ನಿಮ್ಮ 13ರ ಹತ್ತಿರ ಬರುತ್ತದೆ. ನಿಮ್ಮದು ಸಣ್ಣ ಪ್ರಯೋಗ, ಅಷ್ಟು ಕರಾರುವಾಕ್ಕಾಗಿ ಹೊಂದಬೇಕು ಅಂತ ಇಲ್ಲ. ಆದರೂ ಖುಷಿಯಾಯಿತು.

ಜರ್ಮನಿ ಕನ್ನಡಿಗ (11:20)
ಇಲ್ಲಿ ಸ್ಟುಟ್‌ಗಾರ್ಟ್ ಹತ್ತಿರ ಗ್ರೈಂಡಿಂಗ್ ಲೈನ್‌ನಲ್ಲಿದ್ದೇನೆ. ಮುಟ್ಟಲೇಬೇಡಿ ಅನ್ನುವುದೂ ತಪ್ಪಾಗುತ್ತದೆ, ಹುಷಾರು. ಇನ್ಸರ್ಟ್ ಸವೆದಂತೆ ಹೊರ ವ್ಯಾಸ ನಿಧಾನವಾಗಿ ದೊಡ್ಡದಾಗುತ್ತಾ ಹೋಗುತ್ತದೆ. ಅದು ನಿಜವಾದ ಏರಿಕೆ, ಅದಕ್ಕೆ ಆಫ್‌ಸೆಟ್ ಕೊಡಲೇಬೇಕು. ಐದು ಪೀಸ್‌ನ ಸರಾಸರಿ ತೆಗೆದು ಚಾರ್ಟ್‌ನಲ್ಲಿ ಹಾಕಿ. ಸರಾಸರಿ ಗಡಿ ತಾಗಿದಾಗ, ಮೊದಲೇ ಬರೆದಿಟ್ಟ ಅಳತೆಯಷ್ಟು ಮಾತ್ರ ಒತ್ತಿ. ಒಂದು ಪೀಸ್ ನೋಡಿ ಒತ್ತಬೇಡಿ.

ಬೆಳಗಿನ ಮೊದಲ ಪೀಸ್‌ಗಳನ್ನೂ ಗಮನಿಸಿ. ಸ್ಪಿಂಡಲ್, ಬಾಲ್ ಸ್ಕ್ರೂ ಬಿಸಿಯಾಗುವವರೆಗೆ ಅಳತೆ ಸರಿಯುತ್ತಿರುತ್ತದೆ. ಊಟದ ಬ್ರೇಕ್ ಆದ ಮೇಲೂ ಅಷ್ಟೇ.

ಪೀಣ್ಯ ಕ್ಯೂಸಿ (11:34)
ಸರಿ ಅಣ್ಣ. ಮುಟ್ಟದ 60ರಲ್ಲೂ ಕೊನೆಯ ಪೀಸ್‌ಗಳು 3 ಮೈಕ್ರಾನ್ ಮೇಲೆ ಸರಿದಿದ್ದವು. ಅದು ಇನ್ಸರ್ಟ್ ಇರಬೇಕು. ಬಿಸಿಗೆ ಏನು ಮಾಡಲಿ? ಶಾಪ್ ಫ್ಲೋರ್‌ಗೆ ಎಸಿ ಹಾಕಿಸಿ ಅಂದರೆ ಎಂ.ಡಿ. ನನ್ನನ್ನೇ ಹೊರಗೆ ಹಾಕುತ್ತಾರೆ.

ಜರ್ಮನಿ ಕನ್ನಡಿಗ (11:50)
ಎಸಿ ಬೇಡ. ಅಳತೆಗೆ ಜಗತ್ತೆಲ್ಲ ಒಪ್ಪಿದ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ನಿಜ. ಆದರೆ ಹೋಲಿಸಿ ಅಳೆದರೆ ಸಾಕು. ಅದೇ ಇಎನ್8ನಲ್ಲಿ ಒಂದು ಮಾಸ್ಟರ್ ಪೀಸ್ (ಹೋಲಿಸಲು ಇಡುವ ಕರಾರುವಾಕ್ಕಾದ ಮಾದರಿ) ಮಾಡಿಸಿ, ಅಳತೆ ಕೆತ್ತಿಸಿ. ಮಷಿನ್ ಪಕ್ಕ ಕೂಲೆಂಟ್ ತುಂಬಿದ ಒಂದು ಟ್ರೇ ಇಡಿ. ಮಾಸ್ಟರ್ ಅದರಲ್ಲೇ ಮುಳುಗಿರಲಿ. ಪೀಸನ್ನೂ ಅದರಲ್ಲಿ ಕೆಲವು ನಿಮಿಷ ಮುಳುಗಿಸಿ. ಎರಡೂ ಒಂದೇ ಬಿಸಿಗೆ ಬರುತ್ತವೆ, ಎರಡೂ ಒಂದೇ ಲೋಹ, ಅಷ್ಟೇ ಹಿಗ್ಗಿರುತ್ತವೆ. ವ್ಯತ್ಯಾಸ ತೋರಿಸುವ ಡಯಲ್ ಸ್ನ್ಯಾಪ್ ಗೇಜನ್ನು ಮಾಸ್ಟರ್‌ಗೆ ಸೊನ್ನೆ ಮಾಡಿ ಪೀಸ್ ಅಳೆಯಿರಿ.

ಹಳೇ ಟರ್ನರ್ (ಬುಧವಾರ, ಬೆಳಿಗ್ಗೆ 6:10)
ಇದು ಒಳ್ಳೆ ಉಪಾಯ. ನಮ್ಮ ಮೇಸ್ತ್ರಿ ಕೆಲಸದ ತುಂಡನ್ನು ಸರ್ಫೇಸ್ ಪ್ಲೇಟ್ ಮೇಲೆ ಇಟ್ಟು ಚಹಾ ಕುಡಿದು ಬಾ ಅನ್ನುತ್ತಿದ್ದರು. ಯಾಕೆ ಅಂತ ಯಾವತ್ತೂ ಹೇಳಲಿಲ್ಲ. ಮೈಕ್ರೋಮೀಟರ್ ಹಿಡಿಯುವುದನ್ನು ಕಲಿಸಲು ನಾನು ಪೀಣ್ಯಕ್ಕೆ ಒಂದು ಶನಿವಾರ ಬರುತ್ತೇನೆ. ದುಡ್ಡು ಬೇಡ.

ಗೋಕುಲ ರೋಡ್ (8:45)
ಇನ್ನೊಂದು ನೋಡಿ. ಲೇತ್‌ಗೂ ಫೈನಲ್ ಇನ್‌ಸ್ಪೆಕ್ಷನ್‌ಗೂ ನಡುವೆ ಎಷ್ಟು ಪೀಸ್ ಕೂತಿರುತ್ತದೆ?

ಪೀಣ್ಯ ಕ್ಯೂಸಿ (9:02)
ಸುಮಾರು 1200. ದಿನಕ್ಕೆ 400 ಹೋಗುತ್ತದೆ.

ಗೋಕುಲ ರೋಡ್ (9:10)
ಅಂದರೆ ಇವತ್ತು ಕೆಟ್ಟದ್ದು ನಿಮಗೆ ಮೂರು ದಿನ ಬಿಟ್ಟು ಗೊತ್ತಾಗುತ್ತದೆ. ಅಷ್ಟರಲ್ಲಿ ಆಪರೇಟರ್‌ಗೂ ನೆನಪಿರಲ್ಲ, ಇನ್ಸರ್ಟೂ ಬದಲಾಗಿರುತ್ತದೆ. ಆ ರಾಶಿಯನ್ನು ಒಂದು ಶಿಫ್ಟ್‌ನಷ್ಟಕ್ಕೆ ಇಳಿಸಿ. ನಮ್ಮಲ್ಲಿ ಬಿನ್‌ಗಳ ಸಂಖ್ಯೆಯನ್ನೇ ಕಡಿಮೆ ಮಾಡಿದೆವು. ಖಾಲಿ ಬಿನ್ ಇಲ್ಲದಿದ್ದರೆ ಮಷಿನ್ ನಿಲ್ಲುತ್ತದೆ, ಆಗ ಎಲ್ಲರೂ ಇನ್‌ಸ್ಪೆಕ್ಷನ್ ಕಡೆ ಓಡುತ್ತಾರೆ.

ಸಣ್ಣ ಮಾಲೀಕ (9:25)
ಮಷಿನ್ ನಿಲ್ಲಿಸುವುದಾ? ಮಷಿನ್‌ನ ಕಂತು ಯಾರು ಕಟ್ಟುತ್ತಾರೆ?

ಗೋಕುಲ ರೋಡ್ (9:33)
ನಿಲ್ಲದೆ ಓಡಿ ಮಾಡಿದ ಎರಡು ಲಾಟ್ ಈಗ ವಾಪಸ್ ಬಂದು ಕೂತಿದೆಯಲ್ಲ, ಅದರ ಕಂತು ಯಾರು ಕಟ್ಟುತ್ತಾರೆ ಅಣ್ಣ?

ಪೀಣ್ಯ ಕ್ಯೂಸಿ (ಗುರುವಾರ, ರಾತ್ರಿ 8:50)
ಫಾರಂ ಹೋಯಿತು. ಮೂಲ ಕಾರಣದಲ್ಲಿ ಯಾರ ಹೆಸರೂ ಇಲ್ಲ. ಬಿಸಿ ಪೀಸ್ ಅಳೆಯುವ ಪದ್ಧತಿ, ಆಫ್‌ಸೆಟ್‌ಗೆ ನಿಯಮ ಇಲ್ಲದಿರುವುದು, ತಿಂಗಳ ಕೊನೆಯಲ್ಲಿ ತಪಾಸಣೆ ಕಡಿತ, ಮೂರನ್ನೂ ಬರೆದೆ. 120 ಪೀಸ್‌ನ ಚಾರ್ಟ್ ಜೊತೆಗಿಟ್ಟೆ.

ಎಂ.ಡಿ. ಚಾರ್ಟ್ ಅನ್ನು ತುಂಬಾ ಹೊತ್ತು ನೋಡಿದರು. 41 ಪೀಸನ್ನು ಅವರ ಟೇಬಲ್ ಮೇಲೆ ಸುರಿದೆ. ಒಂದನ್ನು ಕೈಯಲ್ಲಿ ಹಿಡಿದು ಇದು ಯಾರದು ಅಂತ ಕೇಳಿದರು. ಎಲ್ಲರದು ಸಾರ್ ಅಂದೆ. ಆಮೇಲೆ ಕೇಳಲಿಲ್ಲ. ಕಡಿತವನ್ನು ಈ ತಿಂಗಳಿಂದ ನಿಲ್ಲಿಸಲು ಒಪ್ಪಿದ್ದಾರೆ. ಬೋರ್ಡ್ ತೆಗೆಯಲು ಒಪ್ಪಿಲ್ಲ. ಹೆಸರು ಅಳಿಸಿ ಮಷಿನ್ ನಂಬರ್ ಬರೆಯಲು ಒಪ್ಪಿದ್ದಾರೆ. 31ನೇ ತಾರೀಕಿನ ಡಿಸ್ಪ್ಯಾಚ್ ಬಗ್ಗೆ ಮಾತು ಎತ್ತಿದೆ, ಅದನ್ನು ಕಸ್ಟಮರ್ ಜೊತೆ ಮಾತಾಡಬೇಕು ಅಂದರು. ಅದು ಹಾಗೇ ಉಳಿದಿದೆ.

ಮೂರನೇ ಶಿಫ್ಟ್ (ರಾತ್ರಿ 11:40)
ಆ ರಾತ್ರಿ ಶಿಫ್ಟ್ ಹುಡುಗನಿಗೆ ಹೇಳಿದಿರಾ?

ಪೀಣ್ಯ ಕ್ಯೂಸಿ (11:46)
ಹೇಳಿದೆ. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ತನ್ನ ಟೂಲ್ ಬಾಕ್ಸ್‌ನಿಂದ ಇನ್ನೂ ಆರು ಶಾಫ್ಟ್ ತಂದು ಕೊಟ್ಟ.

ಮಾಸ್ಟರ್ ಪೀಸ್ ಗ್ರೈಂಡ್ ಮಾಡಿಸಬೇಕು. ಪೀಣ್ಯ ಎರಡನೇ ಹಂತದಲ್ಲಿ ಒಂದೆರಡು ಪೀಸ್‌ಗೂ ಸಿಲಿಂಡ್ರಿಕಲ್ ಗ್ರೈಂಡಿಂಗ್ ಮಾಡಿಕೊಡುವವರು ಯಾರಾದರೂ ಗೊತ್ತಾ?